ಸಂಶಯದ ಲಾಭ

ನಮ್ಮ ಕೊಡಿಗೇನಹಳ್ಳಿ ಸೀಮೆಯಲ್ಲಿ ಮಳೆ ಕಡಿಮೆ, ಮಾತು ಜಾಸ್ತಿ. ಮಳೆ ಬಂದರೆ ಬದುವಿಗೆ ಜಗಳ, ಬಾರದಿದ್ದರೆ ಬೋರ್‌ವೆಲ್ಲಿಗೆ ಜಗಳ. ಎರಡೂ ಇಲ್ಲದ ಕಾಲಕ್ಕೆ ಹುಣಸೆಮರ ಇದ್ದೇ ಇದೆ: ಬೇರು ಒಬ್ಬನ ಹೊಲದಲ್ಲಿ, ಕೊಂಬೆ ಇನ್ನೊಬ್ಬನ ಹೊಲದಲ್ಲಿ, ಹಣ್ಣು ಮಾತ್ರ ಮೂರನೆಯವನ ಚೀಲದಲ್ಲಿ. ಒಂದು ಕಡೆ ಮಧುಗಿರಿ, ಇನ್ನೊಂದು ಕಡೆ ಗೌರಿಬಿದನೂರು, ಮತ್ತೊಂದು ಕಡೆ ಗಡಿಯಾಚೆಯ ಹಿಂದೂಪುರ. ಬೈಯಲು ಕನ್ನಡ ಸಾಲದಿದ್ದರೆ ತೆಲುಗು ಕಡ ಸಿಗುತ್ತದೆ. ಹೀಗಾಗಿ ಇಲ್ಲಿ ಊರಿಗೊಬ್ಬ ಡಾಕ್ಟರು ಇಲ್ಲದಿದ್ದರೂ ಹೇಗೋ ನಡೆಯುತ್ತದೆ. ಮನೆತನಕ್ಕೊಬ್ಬ ಕ್ರಿಮಿನಲ್ ವಕೀಲರ ಪರಿಚಯ ಇಲ್ಲದಿದ್ದರೆ ನಡೆಯುವುದಿಲ್ಲ.

ನಾನು ಇಲ್ಲಿ ‘ನಮ್ಮ ವಕೀಲರು’ ಎನ್ನುವವರು ಒಬ್ಬರಲ್ಲ. ಮಧುಗಿರಿ ಕೋರ್ಟಿನ ಆವರಣದಲ್ಲಿ, ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ ಕಂಡು ಕೇಳಿದ ಹಲವರನ್ನು ಒಂದೇ ಕರಿಕೋಟಿನೊಳಗೆ ಸೇರಿಸಿದ್ದೇನೆ. ಹೆಸರು ಹೇಳುವ ಧೈರ್ಯ ನನಗಿಲ್ಲ. ಮಾನಹಾನಿಗೆ ಮೊದಲು ಐಪಿಸಿ 500 ಇತ್ತು, ಈಗ ಬಿಎನ್‌ಎಸ್ 356 ಬಂದಿದೆ. ಸೆಕ್ಷನ್ ಬದಲಾದರೂ ವಾಯಿದೆಗೆ ಅಲೆಯುವ ದಾರಿ ಹಳೆಯದೇ. ಕೇಸು ಬಿದ್ದರೆ ನನ್ನ ಪರವಾಗಿ ನಿಲ್ಲಬೇಕಾದವರೂ ಅವರೇ ಅಲ್ಲವೇ? ಆದ್ದರಿಂದ ಅರವತ್ತು ದಾಟಿದ, ಕೊಲೆ, ಕೊಲೆ ಯತ್ನ, ಕಳವು, ಹೊಡೆದಾಟಗಳ ನಡುವೆಯೇ ತಲೆ ನರೆತ, ಮನೆಯಲ್ಲಿ ಜಿರಲೆ ಕಂಡರೂ ಹೆಂಡತಿಯನ್ನು ಕೂಗುವ ಒಬ್ಬ ಸಾಧು ಮನುಷ್ಯನನ್ನು ಕಲ್ಪಿಸಿಕೊಳ್ಳಿ. ಅವರೇ ನಮ್ಮ ವಕೀಲರು.

ಬೆಳಗಾಗುವುದರೊಳಗೆ ಅವರ ಮನೆ ಜಗಲಿ ತುಂಬಿರುತ್ತದೆ. ಬಂದವನು ಕೂರುವ ಮೊದಲೇ ಕಥೆ ತೆಗೆಯುತ್ತಾನೆ. “ಸಾಮಿ, ನಾನು ಮಚ್ಚು ಎತ್ತಿದ್ದೇನೋ ದಿಟ, ಆದ್ರೆ ಅವನು ಮೊದ್ಲು...” ನಮ್ಮ ವಕೀಲರು ಅಂಗೈ ಅಡ್ಡ ಹಿಡಿಯುತ್ತಾರೆ. “ದಿಟ ಆಮ್ಯಾಲೆ. ಪೊಲೀಸ್ನೋರು ಏನು ಬರ್ಕೊಂಡವ್ರೆ, ಅದನ್ನ ಹೇಳು.” ಹೊಸಬರಿಗೆ ಇದು ಅಧರ್ಮವಾಗಿ ಕಾಣುತ್ತದೆ. ಸತ್ಯ ಹೇಳುತ್ತೇನೆಂದು ಮನುಷ್ಯ ಗೋಗರೆಯುತ್ತಿದ್ದಾನೆ, ಇವರು ಬೇಡ ಅನ್ನುತ್ತಿದ್ದಾರೆ! ಆದರೆ ಅವರ ಲೆಕ್ಕ ಬೇರೆ. ಕ್ರಿಮಿನಲ್ ಕೇಸಿನಲ್ಲಿ ಆರೋಪಿ ತಾನು ನಿರಪರಾಧಿ ಎಂದು ತೋರಿಸಬೇಕಿಲ್ಲ; ಅಪರಾಧಿ ಎಂದವರೇ ತೋರಿಸಬೇಕು. ನಮ್ಮ ಕಾಲದ ಗಣಿತದ ಮೇಷ್ಟ್ರು ಉತ್ತರ ಸರಿಯಿದ್ದರೂ ಕ್ರಮ ಬರೆಯದಿದ್ದರೆ ಸೊನ್ನೆ ಸುತ್ತುತ್ತಿದ್ದರಲ್ಲ, ಕೋರ್ಟಿನಲ್ಲಿ ಆ ಮೇಷ್ಟ್ರ ಕೆಲಸ ಇವರದು. ಊರಿಗೆಲ್ಲ ಉತ್ತರ ಮೊದಲೇ ಗೊತ್ತಿರುತ್ತದೆ. ಇವರೊಬ್ಬರು ಮಾತ್ರ ಕ್ರಮ ಎಲ್ಲಿ ಎಂದು ಕೇಳುತ್ತ ನಿಲ್ಲುತ್ತಾರೆ. ಊರಿಗೆ ಇವರ ಮೇಲೆ ಸಿಟ್ಟು ಬರುವುದೂ ಅದಕ್ಕೇ.

ಬಂಧನವಾದ ಮೇಲೆ ಮೊದಲ ಮಾತು ಜಾಮೀನು. ಕಾನೂನಿನ ಪುಸ್ತಕಕ್ಕೆ ಅದು ಒಂದು ಅರ್ಜಿ. ನಮ್ಮಲ್ಲಿ ಅದು ಬಂಧುತ್ವದ ಪರೀಕ್ಷೆ. ಪಹಣಿ, ಆಧಾರ್ ಕಾರ್ಡು, ಫೋಟೋ ಹಿಡಿದು ಕೋರ್ಟಿಗೆ ಬಂದು ಇವನ ಪರವಾಗಿ ನಾನಿದ್ದೇನೆ ಎಂದು ಸಹಿ ಹಾಕುವವನು ಬೇಕು. ಆ ದಿನ ಅಣ್ಣನಿಗೆ ಜ್ವರ, ಭಾವನ ಪಹಣಿಯಲ್ಲಿ ತಿದ್ದುಪಡಿ ಬಾಕಿ, ಚಿಕ್ಕಪ್ಪನ ಹೊಲದ ಮೇಲೆ ಬ್ಯಾಂಕಿನ ಸಾಲ. ಕೊನೆಗೆ ಸಹಿ ಹಾಕುವವನು ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಹೊಲದವನು. “ಅವನು ಒಳಗಿದ್ರೆ ಬದು ಒತ್ತರಿಸಿದ್ದಕ್ಕೆ ನಾನು ಯಾರನ್ನ ಬಯ್ಯಲಿ?” ಎನ್ನುವುದು ಅವನ ನ್ಯಾಯ. ಬೆಂಗಳೂರಿನಲ್ಲೂ ಒಂದು ಕೊಡಿಗೇಹಳ್ಳಿ ಇದೆ. ಆ ಕಡೆಯ ಬಸ್ಸು ಹತ್ತಿ, ಅಲ್ಲಿ ಇಳಿದು, ನಮ್ಮ ಠಾಣೆ ಎಲ್ಲಿ ಎಂದು ಫ್ಲೈಓವರ್ ಕೆಳಗೆ ಹುಡುಕಾಡಿದ ಜಾಮೀನುದಾರನ ಕಥೆಯನ್ನು ನಮ್ಮ ವಕೀಲರು ನಗದೆ ಹೇಳಬಲ್ಲರು. ವೃತ್ತಿ ಕಲಿಸಿದ ಸಂಯಮ.

ಟೀವಿ ಬಂದ ಮೇಲೆ ಅವರ ಕಷ್ಟ ಇಮ್ಮಡಿಯಾಯಿತು. ಟಿ.ಎನ್. ಸೀತಾರಾಮ್ ನಮ್ಮ ಪಕ್ಕದ ಗೌರಿಬಿದನೂರು ಸೀಮೆಯವರು, ವಕೀಲಿ ಮಾಡಿದವರು. ‘ಮಾಯಾಮೃಗ’, ‘ಮನ್ವಂತರ’, ‘ಮುಕ್ತ’, ಆಮೇಲೆ 2018ರಲ್ಲಿ ‘ಮಗಳು ಜಾನಕಿ’ ಎಂದು ಧಾರಾವಾಹಿ ಮಾಡಿ, ಸಿಎಸ್‌ಪಿ ಎಂಬ ವಕೀಲರ ಪಾತ್ರವನ್ನು ತಾವೇ ವಹಿಸಿ, ಕರ್ನಾಟಕದ ಮನೆಮನೆಯ ಹಜಾರದಲ್ಲಿ ಕಟಕಟೆ ಹಾಕಿಸಿಬಿಟ್ಟರು. ಅಡುಗೆಮನೆಯಲ್ಲಿ ಸಾರು ಉಕ್ಕುತ್ತಿದ್ದರೂ ಪಾಟೀಸವಾಲು ಮುಗಿಯುವವರೆಗೆ ಯಾರೂ ಏಳುತ್ತಿರಲಿಲ್ಲ. ಅದನ್ನು ನೋಡಿದ ಕಕ್ಷಿದಾರ ಮಧುಗಿರಿ ಕೋರ್ಟಿಗೆ ಬಂದು ಕಾಯುತ್ತಾನೆ: ನಮ್ಮ ವಕೀಲರು ಯಾವಾಗ ಕನ್ನಡಕ ತೆಗೆದು ಒಂದು ಹೆಜ್ಜೆ ಮುಂದೆ ಬಂದು ಮೆಲುದನಿಯಲ್ಲಿ ಆ ಒಂದು ಪ್ರಶ್ನೆ ಎಸೆಯುತ್ತಾರೆ, ಸಾಕ್ಷಿ ಯಾವಾಗ ಬೆವರುತ್ತಾನೆ? ಇಲ್ಲಿ ನೋಡಿದರೆ ಇವರು ಸಾಕ್ಷಿಯನ್ನು ಕೇಳುತ್ತಿರುವುದು, “ನಿಮ್ಮ ಹೊಲದಿಂದ ರಸ್ತೆಗೆ ಎಷ್ಟು ಮಾರು ದೂರ?” ಸಾಕ್ಷಿ ಬೆವರುತ್ತಾನೆ ನಿಜ, ಅದು ಫ್ಯಾನು ನಿಂತದ್ದಕ್ಕೆ. ನ್ಯಾಯಾಧೀಶರು ಉತ್ತರವನ್ನು ಬರೆಸುತ್ತಾರೆ, ಬೆರಳಚ್ಚುಗಾರರು ತಿದ್ದುತ್ತಾರೆ, ಕರೆಂಟು ಹೋಗುತ್ತದೆ, ಕೇಸು ಮುಂದಿನ ತಿಂಗಳಿಗೆ ಹೋಗುತ್ತದೆ. ಹೊರಗೆ ಬಂದ ಕಕ್ಷಿದಾರ, “ಸಾಮಿ, ಒಂದ್ಸಲ ಆದ್ರೂ ಜೋರಾಗಿ ಕೂಗ್ಬಾರದಾ? ಕೊಟ್ಟಿದ್ದಕ್ಕೂ ಒಂದು ಸಮಾಧಾನ” ಅನ್ನುತ್ತಾನೆ. ಬೇಸಿಗೆಯಲ್ಲಿ ಕೆಳಗಿನ ಕೋರ್ಟುಗಳಲ್ಲಿ ಕರಿಕೋಟು ಕಡ್ಡಾಯವಲ್ಲವೆಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ಆದರೂ ನಮ್ಮ ವಕೀಲರು ಏಪ್ರಿಲ್ ಬಿಸಿಲಿನಲ್ಲೂ ಕೋಟು ಬಿಚ್ಚುವುದಿಲ್ಲ. ಕೂಗಾಟವಂತೂ ಇಲ್ಲ, ಕೋಟೂ ಇಲ್ಲದಿದ್ದರೆ ಫೀಸು ಯಾವ ಮುಖದಲ್ಲಿ ಕೇಳುವುದು?

ರಸ್ತೆಗೆ ಎಷ್ಟು ಮಾರು ಎಂಬ ಆ ಪ್ರಶ್ನೆ ಮಾತ್ರ ಹುಡುಗಾಟದ್ದಲ್ಲ. ಅಷ್ಟು ದೂರದಿಂದ, ಅಮಾವಾಸ್ಯೆಯ ಮರುದಿನ, ಬೀದಿದೀಪವಿಲ್ಲದ ಕಡೆ ಮುಖ ಗುರುತು ಹಿಡಿದದ್ದು ಹೇಗೆ ಎಂಬ ವಾದ ಎರಡು ವರ್ಷದ ನಂತರ ಅಲ್ಲಿಂದಲೇ ಹೊರಡುತ್ತದೆ. ಮಹಜರಿನ ಪಂಚರು ಬಂದ ದಿನವಂತೂ ಅವರಿಗೆ ಹಬ್ಬ. “ಈ ಸಹಿ ನಿಮ್ಮದೇ?” “ನಂದೇ.” “ಎಲ್ಲಿ ಹಾಕಿದ್ರಿ?” “ಟೇಷನ್ನಾಗೆ.” “ಚಾಕು ಎಲ್ಲಿ ಸಿಕ್ಕಿತು?” “ಟೇಬಲ್ ಮ್ಯಾಲೆ ಇತ್ತು.” ತೋಟದ ಬಾವಿಯ ಪಕ್ಕ ಸಿಕ್ಕಿತೆಂದು ಮೂರು ಪುಟ ಬರೆದಿದ್ದ ಮಹಜರು ಅಲ್ಲಿಗೆ ಮಲಗಿತು.

ಚಾಕುವಿನ ಮಾತು ಬಂದಾಗ ನಮ್ಮ ವಕೀಲರು ಪುಲುಕೂರಿ ಕೊಟ್ಟಯ್ಯನನ್ನು ನೆನೆಯದೆ ಬಿಡುವುದಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ; ಆದರೆ ಆರೋಪಿ ಕೊಟ್ಟ ಮಾಹಿತಿಯಿಂದ ಏನಾದರೂ ಸಿಕ್ಕಿದರೆ ಅಷ್ಟು ಭಾಗ ಸಾಕ್ಷ್ಯ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 27ನೇ ಸೆಕ್ಷನ್, ಹೊಸದರಲ್ಲಿ 23ರ ಬಾಲಕ್ಕೆ ಅಂಟಿಕೊಂಡಿದೆ. ‘ಚಾವಣಿಯಲ್ಲಿ ಬಚ್ಚಿಟ್ಟ ಚಾಕು ತೆಗೆದುಕೊಡುತ್ತೇನೆ’ ಎಂಬುದನ್ನು ಒಪ್ಪಬಹುದು, ‘ಅದರಿಂದಲೇ ತಿವಿದೆ’ ಎಂಬುದನ್ನು ಒಪ್ಪುವಂತಿಲ್ಲ ಎಂದು ಬಿಡಿಸಿ ಹೇಳಿದ್ದು ಕೊಟ್ಟಯ್ಯನ ಕೇಸು. ಗುಂಟೂರು ಜಿಲ್ಲೆಯ ಹಳ್ಳಿ ಹೊಡೆದಾಟವೊಂದು ಸಮುದ್ರ ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಟ್ಟಿ, 1947ರ ಕಾನೂನು ವರದಿಗಳಲ್ಲಿ ಅಚ್ಚಾಯಿತು. ಅಂದಿನಿಂದ ಇಂದಿನವರೆಗೆ ಭಾರತದ ಕೋರ್ಟುಗಳಲ್ಲಿ ಆ ಹೆಸರಿನ ಜಪ ನಿಂತಿಲ್ಲ. “ನಮ್ಮ ಕಡೆಯ ತೆಲುಗಿನವನು ಕಣಯ್ಯಾ! ಕೆರೆ ಕಟ್ಟಿಸಿದವರ ಹೆಸರು ಉಳೀಲಿಲ್ಲ, ಗುಡಿ ಕಟ್ಟಿಸಿದವರ ಹೆಸರು ಉಳೀಲಿಲ್ಲ, ಕೊಟ್ಟಯ್ಯ ಉಳಕೊಂಡ” ಎಂದು ಅವರು ಹೆಮ್ಮೆಪಡುವುದನ್ನು ಕೇಳಿದರೆ ಹಿಂದೂಪುರದಿಂದ ಗುಂಟೂರಿಗೆ ಒಂದು ರಾತ್ರಿಯ ಪ್ರಯಾಣ ಎಂದು ನೆನಪಿಸಲು ಮನಸ್ಸಾಗುವುದಿಲ್ಲ.

2024ರ ಜುಲೈ 1 ಅವರ ಬದುಕಿನ ದೊಡ್ಡ ಆಘಾತದ ದಿನ. ಆ ದಿನ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಬಂದವು. ಜೀವಮಾನವಿಡೀ ಕೊಲೆ ಎಂದರೆ 302. ಈಗ ಅದು 103. ಕೊಲೆ ಯತ್ನದ 307 ಈಗ 109. ಹೆಂಡತಿಯ ಫೋನ್ ನಂಬರ್ ಮರೆತರೂ ಇವು ಮರೆತಿರಲಿಲ್ಲ. ತಮಾಷೆಯೆಂದರೆ 511 ಸೆಕ್ಷನ್ನಿನ ಐಪಿಸಿ ಕುಗ್ಗಿ 358 ಆದದ್ದರಿಂದ ಹೊಸ ಪುಸ್ತಕದಲ್ಲಿ 420 ಎಂಬ ಸಂಖ್ಯೆಯೇ ಇಲ್ಲ. ಮೋಸ 318ಕ್ಕೆ ಮನೆ ಬದಲಾಯಿಸಿದೆ, ಆದರೆ ನಮ್ಮ ಸಂತೆಯಲ್ಲಿ ಫೋರ್‌ಟ್ವೆಂಟಿಗಳು ಇನ್ನೂ ಹಳೆಯ ವಿಳಾಸದಲ್ಲೇ ಇದ್ದಾರೆ. ಹಳೆಯ ಅಪರಾಧಕ್ಕೆ ಹಳೆಯ ಸಂಹಿತೆ, ಹೊಸದಕ್ಕೆ ಹೊಸದು ಎಂಬುದರಿಂದ ಅವರ ಗುಮಾಸ್ತ ಈಗ ಎರಡು ಗಂಟು ಹೊರುತ್ತಾನೆ. ಕಿರಿಯ ವಕೀಲರು ಮೊಬೈಲಿನಲ್ಲಿ ಪಟ್ಟಿ ತೆಗೆದು ತೋರಿಸಿದರೆ ಇವರು ಮೂಗು ಮುರಿಯುತ್ತಾರೆ, ಆಮೇಲೆ ಯಾರಿಗೂ ಕಾಣದಂತೆ ಅದನ್ನೇ ಚೀಟಿಯಲ್ಲಿ ಬರೆದುಕೊಂಡು ಕೋಟಿನ ಜೇಬಿಗೆ ಹಾಕುತ್ತಾರೆ.

ಅವರ ಕೇಸುಗಳೆಲ್ಲ ರಕ್ತದ್ದಲ್ಲ. ದೇವರಾಯನದುರ್ಗದ ಕಡೆ ಹುಟ್ಟಿ ನಮ್ಮ ಸೀಮೆ ಹಾದು ಪಿನಾಕಿನಿ ಸೇರುವ ಜಯಮಂಗಲಿಯಲ್ಲಿ ನೀರಿಗಿಂತ ಮರಳಿನ ಕಥೆಯೇ ಹೆಚ್ಚು. ರಾತ್ರಿ ಮರಳು ತುಂಬಿದ ಟ್ರ್ಯಾಕ್ಟರು ಸಿಕ್ಕಿಬಿದ್ದರೆ ಬೆಳಗ್ಗೆ ಮಾಲೀಕ ಹಾಜರು. ತಾನು ಜೈಲಿಗೆ ಹೋಗುವ ಚಿಂತೆ ಅವನಿಗಿಲ್ಲ. ಟ್ರ್ಯಾಕ್ಟರಿಗೆ ಮೊದಲು ಜಾಮೀನು ಕೊಡಿಸಿ ಎನ್ನುತ್ತಾನೆ. ವಶಪಡಿಸಿಕೊಂಡ ವಾಹನಗಳನ್ನು ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಸಬಾರದೆಂದು 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಇವರು ಅರ್ಜಿಯಲ್ಲಿ ಬರೆಯುತ್ತಾರೆ. ಇನ್ನು ಮೈದನಹಳ್ಳಿಯ ಹುಲ್ಲುಗಾವಲು ನಮಗೆ ಹತ್ತಿರ. 2007ರಲ್ಲಿ ಸುಮಾರು 798 ಎಕರೆಯನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಕೃಷ್ಣಮೃಗವನ್ನು ಮುಟ್ಟಿದರೆ ಏನಾಗುತ್ತದೆಂದು ನಮ್ಮ ಊರಿನ ಹುಡುಗರಿಗೆ ಕಲಿಸಿದ್ದು ಅರಣ್ಯ ಇಲಾಖೆಯ ಫಲಕಗಳಿಗಿಂತ ಹೆಚ್ಚಾಗಿ ಸಲ್ಮಾನ್ ಖಾನ್. 1998ರ ಬೇಟೆ, 2018ರಲ್ಲಿ ಜೋಧಪುರದ ಕೋರ್ಟಿನಿಂದ ಐದು ವರ್ಷ ಶಿಕ್ಷೆ, ಎರಡು ದಿನಕ್ಕೆ ಜಾಮೀನು. ಚಹಾದಂಗಡಿಯಲ್ಲಿ ಇದನ್ನು ಕೇಳಿದ ಒಬ್ಬ ಕುರಿಗಾಹಿ, “ಇಪ್ಪತ್ತು ವರ್ಷಕ್ಕೆ ಆ ಜಿಂಕೆ ಬದುಕಿದ್ರೂ ಸತ್ತೋಗಿರ್ತಿತ್ತಲ್ಲ ಸಾಮಿ” ಎಂದನಂತೆ. ವಿಳಂಬದ ಬಗ್ಗೆ ತಾವು ಓದಿದ ಯಾವ ತೀರ್ಪೂ ಇಷ್ಟು ಚಿಕ್ಕದಾಗಿಲ್ಲ ಎನ್ನುತ್ತಾರೆ ನಮ್ಮ ವಕೀಲರು.

ಪ್ರತಿಕೂಲ ಸಾಕ್ಷಿಯ ಕಥೆಗಳನ್ನು ಅವರು ಚೆನ್ನಾಗಿ ಹೇಳುತ್ತಾರೆ. ಪೊಲೀಸರ ಮುಂದೆ ಎಲ್ಲವನ್ನೂ ಕಂಡಿದ್ದವನು ಕೋರ್ಟಿನಲ್ಲಿ, ಆ ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸಿ ಹಸು ಹಿಡಿಯುತ್ತಿದ್ದೆ ಎನ್ನುತ್ತಾನೆ. ಕೇಳಿ ನಗುತ್ತೇವೆ. ಆದರೆ ಒಂದು ಹೆಸರು ಬಂದಾಗ ಆ ನಗು ನಿಂತುಹೋಗುತ್ತದೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳೆಲ್ಲ ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದರಲ್ಲಿ ಯಾರಿಗೂ ಸಂಶಯವಿಲ್ಲ, ಕೊಂದವರು ಮಾತ್ರ ಯಾರೂ ಇಲ್ಲ. ಹೆದರಿದವನ ಮೌನದಿಂದ ಬಂದ ಸಂಶಯಕ್ಕೂ ಸುಳ್ಳು ಮಹಜರಿನಿಂದ ಬಂದ ಸಂಶಯಕ್ಕೂ ಕಾನೂನಿನ ತಕ್ಕಡಿಯಲ್ಲಿ ತೂಕ ಒಂದೇ. ಒಂದು ರಾತ್ರಿ ಈ ಮಾತು ನಡೆದಾಗ ಅವರ ಹೆಂಡತಿ ಅಡುಗೆಮನೆಯಿಂದ ಕೇಳಿದರು: “ಕೊಂದೋನಿಗೆ ನೀವಿದ್ದೀರಿ. ಸತ್ತೋನ ಅಮ್ಮನಿಗೆ ಯಾರು ವಕೀಲರು?” ಸರ್ಕಾರ ಎಂದರು ಇವರು. “ಸರ್ಕಾರಕ್ಕೆ ಆ ಅಮ್ಮನ ಮುಖ ಗುರುತು ಐತಾ?” ನಮ್ಮ ವಕೀಲರು ಬಾಯಿ ತೆರೆದರು, ಮುಚ್ಚಿದರು, ಮಜ್ಜಿಗೆ ಕೇಳಿದರು.

ಇಂಥವರ ಪರ ಯಾಕೆ ನಿಲ್ಲುತ್ತೀರಿ ಎಂಬ ಪ್ರಶ್ನೆ ಅವರಿಗೆ ಮದುವೆಮನೆಗಳಲ್ಲಿ ಹೋಳಿಗೆಯ ಜೊತೆಯಲ್ಲೇ ಬಡಿಸಲ್ಪಡುತ್ತದೆ. ಹಿಂದೆ ಅವರು ನೂರು ಅಪರಾಧಿಗಳು ತಪ್ಪಿಸಿಕೊಂಡರೂ ಒಬ್ಬ ನಿರಪರಾಧಿಗೆ ಶಿಕ್ಷೆಯಾಗಬಾರದು ಎನ್ನುತ್ತಿದ್ದರು. ಇಂಗ್ಲೆಂಡಿನ ಬ್ಲ್ಯಾಕ್‌ಸ್ಟೋನ್ 1760ರ ದಶಕದಲ್ಲಿ ಹೇಳಿದ್ದು ಬರೀ ಹತ್ತು. ಅದನ್ನು ನೂರಕ್ಕೇರಿಸಿದ್ದು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಸಿನಿಮಾದವರಿಗೆ ದೊಡ್ಡ ಸಂಖ್ಯೆಯೇ ಇಷ್ಟವಾಯಿತು. ಹೋಳಿಗೆ ತಿನ್ನುವವನಿಗೆ ಹತ್ತೂ ಜಾಸ್ತಿಯೇ. ಈಗ ಅವರು ಸುಪ್ರೀಂ ಕೋರ್ಟನ್ನು ಮುಂದಿಡುತ್ತಾರೆ. ಇಂಥ ಆರೋಪಿಯ ಪರ ಯಾರೂ ವಕಾಲತ್ತು ಹಾಕಬಾರದೆಂದು ವಕೀಲರ ಸಂಘಗಳು ನಿರ್ಣಯ ಮಾಡುವುದು ಕಾನೂನುಬಾಹಿರ ಎಂದು 2010ರ ಮಹಮ್ಮದ್ ರಫಿ ಪ್ರಕರಣದಲ್ಲಿ ಅದು ಹೇಳಿದೆ. ಬಂಧಿತನಿಗೆ ತನ್ನ ಇಷ್ಟದ ವಕೀಲನನ್ನು ಹೊಂದುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಹಾಡುಗಾರ ರಫಿಗೂ ಕೇಸಾಗಿತ್ತಾ ಎಂದು ಪಕ್ಕದ ಎಲೆಯವರು ಕೇಳುತ್ತಾರೆ, ಚರ್ಚೆ ಹಳೆಯ ಹಿಂದಿ ಹಾಡುಗಳ ಕಡೆ ತಿರುಗುತ್ತದೆ.

ಕೊನೆಗೆ ಅವರು ವಿದುರಾಶ್ವತ್ಥಕ್ಕೆ ಬರುತ್ತಾರೆ, ಯಾಕೆಂದರೆ ಅದು ನಮ್ಮವರಿಗೆ ನಾಟುತ್ತದೆ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ತ್ರಿವರ್ಣ ಧ್ವಜ ಹಾರಿಸಲು ಹೊರಟ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷ ಟಿ. ಸಿದ್ಧಲಿಂಗಯ್ಯ ವೃತ್ತಿಯಿಂದ ವಕೀಲರು. ಕಾನೂನು ಓದಿದವರೇ ಕಾನೂನು ಮುರಿದು ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರಾಯಿತು, ಜನ ಸತ್ತರು, ವೇಪಾ ರಾಮೇಶಂ ಸಮಿತಿ ವಿಚಾರಣೆಗೆ ಕೂತಿತು. “ಅವತ್ತಿನ ಕಾಗದದಲ್ಲಿ ಅವರೆಲ್ಲ ಅಕ್ರಮ ಕೂಟದವರು. ಇವತ್ತು ನಾವು ಹೂವಿನ ಹಾರ ತಗೊಂಡು ಹೋಗ್ತೀವಿ. ಪೊಲೀಸ್ ಕಾಗದ ಬರೆದದ್ದೇ ಕೊನೆ ಮಾತಾಗಿದ್ರೆ ಹಾರ ಯಾರಿಗೆ ಹಾಕ್ತಿದ್ರಿ?” ಪಂಕ್ತಿಯಲ್ಲಿ ಇದಕ್ಕೆ ಉತ್ತರವಿಲ್ಲ. ಹಾಗಂತ ಹೊಲದ ದಾರಿಗೆ ಮಚ್ಚೆತ್ತಿದವನಿಗೂ ಧ್ವಜ ಎತ್ತಿದವನಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದಿತ್ತು. ಅಷ್ಟರಲ್ಲಿ ಅನ್ನ ಬರುತ್ತದೆ.

ಕೋರ್ಟಿನಲ್ಲಿ ಸಂಶಯದಿಂದ ಆದ ಲಾಭವನ್ನೆಲ್ಲ ಅವರು ಮನೆಯಲ್ಲಿ ನಷ್ಟ ಕಟ್ಟಿಕೊಡುತ್ತಾರೆ. ಹಾಲಿನವನು ಬಂದನೇ ಎಂದು ಕೇಳಿ ಸುಮ್ಮನಿರಲಾರರು. ಎಷ್ಟು ಗಂಟೆಗೆ? ಗಡಿಯಾರ ನೋಡಿದೆಯಾ? ಆಗ ಬೆಳಕು ಎಷ್ಟಿತ್ತು? ಬಂದದ್ದು ಅವನೇ ಎಂದು ಹೇಗೆ ಹೇಳುತ್ತೀ? ಇಷ್ಟು ವರ್ಷ ಜೊತೆಗಿದ್ದ ಹೆಂಡತಿ ಆರೋಪಿಗಳ ವಿದ್ಯೆಯನ್ನೇ ಕಲಿತಿದ್ದಾರೆ. ಕೇಸಿನ ಕೊನೆಯಲ್ಲಿ ನ್ಯಾಯಾಧೀಶರು ಆರೋಪಿಯನ್ನು ನೇರವಾಗಿ ಪ್ರಶ್ನಿಸುವ ಘಟ್ಟವೊಂದಿದೆ, ಹಳೆಯ 313, ಈಗಿನ 351. ಅಲ್ಲಿ ಬರುವ ಉತ್ತರಗಳು ಮೂರೇ: ಗೊತ್ತಿಲ್ಲ, ನೆನಪಿಲ್ಲ, ಸುಳ್ಳು. ಮನೆಯಲ್ಲಿ ಈಗ ಹಾಲು, ಪೇಪರು, ಕರೆಂಟು ಬಿಲ್ಲು ಎಲ್ಲಕ್ಕೂ ಇವೇ ಮೂರು ಉತ್ತರ. ಇನ್ನೂ ಒತ್ತಾಯಿಸಿದರೆ, “ನಾನು ನಿಮಗೆ ಹೇಳದೆ ತಮ್ಮನಿಗೆ ದುಡ್ಡು ಕೊಟ್ಟೆ ಎಂದರೆ ಸರಿಯಲ್ಲ” ಎಂದು ಸಾಕ್ಷಿ ಹೇಳಿಕೆಯ ಅಚ್ಚುಗನ್ನಡದಲ್ಲಿ ಮುಗಿಸುತ್ತಾರೆ.

ಮಗಳಿಗೆ ಗಂಡು ನೋಡುವ ಕಾಲದಲ್ಲಿ ಬೀಗರ ಕಡೆಯವರೊಬ್ಬರು, ನಿಮ್ಮ ಮನೆಗೆ ಕೊಲೆ ಮಾಡಿದವರೆಲ್ಲ ಬರುತ್ತಾರಂತೆ ಎಂದು ರಾಗ ತೆಗೆದರು. “ಬರ್ತಾರೆ. ಚಪ್ಪಲಿ ಹೊರಗೆ ಬಿಟ್ಟು ಬರ್ತಾರೆ” ಎಂದರು ವಕೀಲರ ಹೆಂಡತಿ, ಬಾಗಿಲೊಳಗೆ ಬೂಟಿನಲ್ಲೇ ಕೂತಿದ್ದ ಆ ಮಹಾಶಯರ ಕಾಲು ನೋಡುತ್ತ. ಸಂಬಂಧ ಕುದುರಿತು. ಮದುವೆಯ ದಿನ ಒಂದೇ ಸಾಲಿನಲ್ಲಿ ಆರೋಪಿ, ಅವನ ಮೇಲೆ ದೂರು ಕೊಟ್ಟವನು, ತನಿಖೆ ಮಾಡಿದವರು, ಸರ್ಕಾರಿ ವಕೀಲರು ಊಟಕ್ಕೆ ಕೂತಿದ್ದರು. ಪಾಯಸ ಚೆನ್ನಾಗಿದೆ ಎಂಬ ವಿಷಯದಲ್ಲಿ ಸಾಕ್ಷಿಗಳಲ್ಲಿ ವ್ಯತ್ಯಾಸವಿರಲಿಲ್ಲ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಸೇರಿದ. ಅವನ ಪ್ರಕಾರ ಕಂಪ್ಯೂಟರಿನ ದೊಡ್ಡ ಗುಣವೆಂದರೆ ಅದು ಪ್ರತಿಕೂಲ ಸಾಕ್ಷಿಯಾಗುವುದಿಲ್ಲ.

ಫೀಸಿನ ಕಥೆ ಹೇಳಿದರೆ ಇನ್ನೊಂದು ಪ್ರಬಂಧ. ಸ್ವಲ್ಪ ನಗದು, ಸ್ವಲ್ಪ ಕಡಲೆಕಾಯಿ, ಕಾಲಕ್ಕೆ ತಕ್ಕ ಅವರೆಕಾಯಿ, ಉಳಿದದ್ದಕ್ಕೆ ನಂಬಿಕೆ. ಕೇಸು ಗೆದ್ದರೆ ಆ ನಂಬಿಕೆಯೂ ಮಧುಗಿರಿಯ ದಂಡಿನ ಮಾರಮ್ಮನ ಪಾಲಾಗುತ್ತದೆ. ಹರಕೆ ಅವಳಿಗೆ ಹೊತ್ತದ್ದು ತಾನೆ? ಸೋತರೆ ಮಾತ್ರ ವಕೀಲರೇ ಸೋತದ್ದು. ಅದಕ್ಕಿಂತ ವಿಚಿತ್ರವೆಂದರೆ, ಖುಲಾಸೆಯಾದವನು ಅವರನ್ನು ಬಸ್ ನಿಲ್ದಾಣದಲ್ಲಿ ಕಂಡರೆ ಅಂಗಡಿಯ ಮರೆಗೆ ಸರಿಯುತ್ತಾನೆ. ಅವನ ಬದುಕಿನ ಅತಿ ಕೆಟ್ಟ ದಿನಗಳನ್ನು ಕೋಟು ಹಾಕಿಸಿ ಎದುರಿಗೆ ನಿಲ್ಲಿಸಿದರೆ ಯಾರು ತಾನೆ ನಮಸ್ಕಾರ ಮಾಡಿಯಾರು! ಶಿಕ್ಷೆಯಾದವನ ತಾಯಿ ಮಾತ್ರ ಅಪೀಲು, ಪೆರೋಲು ಎಂದು ವರ್ಷಗಟ್ಟಲೆ ಬರುತ್ತಾಳೆ, ಬಂದವಳು ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸಿಕೊಟ್ಟು ಹೋಗುತ್ತಾಳೆ. ಗೆದ್ದ ಕೇಸಿನಿಂದ ಹೆಸರು, ಸೋತ ಕೇಸಿನಿಂದ ಬಂಧುಬಳಗ ಎಂಬುದು ಇಷ್ಟು ವರ್ಷದ ವೃತ್ತಿಯಲ್ಲಿ ಅವರು ಕಂಡುಕೊಂಡ ಸೂತ್ರ.

ಇದನ್ನೆಲ್ಲ ಬರೆಯಿರಿ ಎಂದು ನಾನು ದುಂಬಾಲು ಬಿದ್ದದ್ದುಂಟು. ಬೆಂಗಳೂರಿನ ಹೆಸರಾಂತ ಕ್ರಿಮಿನಲ್ ವಕೀಲ ಸಿ.ಎಚ್. ಹನುಮಂತರಾಯರ ‘ವಕೀಲರೊಬ್ಬರ ವಗೈರೆಗಳು’ ತೋರಿಸಿದೆ. ಅವರು ಪುಸ್ತಕವನ್ನು ರಾತ್ರಿಯೆಲ್ಲ ಓದಿ ಮುಗಿಸಿ, ಬೆಳಗ್ಗೆ ಹಿಂದಿರುಗಿಸುತ್ತ, “ನಾನು ಬರೆದ್ರೆ ಪ್ರತಿ ಸಾಲಿಗೂ ಇದು ನಿನಗೆ ಹೇಗೆ ಗೊತ್ತು ಅಂತ ನಾನೇ ಕೇಳ್ಕೋತೀನಿ. ಮೊದಲ ಪುಟ ದಾಟೋದಿಲ್ಲ” ಎಂದರು.

ಬರೆಯದಿದ್ದರೆ ಬೇಡ, ಸನ್ಮಾನವನ್ನಾದರೂ ಮಾಡೋಣ ಎಂದು ಊರಿನ ಕೆಲವರು ಹೊರಟರು. ಸಮಿತಿಯಾಯಿತು. ಅಧ್ಯಕ್ಷತೆಗೆ ಗೊತ್ತು ಮಾಡಿದವರ ಮೇಲೆ ಕೇಸಿತ್ತು, ಮುಖ್ಯ ಅತಿಥಿ ಅದೇ ಕೇಸಿನ ಫಿರ್ಯಾದಿ. ಅಭಿನಂದನಾ ಭಾಷಣಕ್ಕೆ ಒಪ್ಪಿದವರು ಅವರ ಬಗ್ಗೆ ತಮಗೆ ನೇರವಾಗಿ ಏನೂ ಗೊತ್ತಿಲ್ಲ, ಕೇಳಿ ತಿಳಿದದ್ದು ಎಂದರು. ಕೇಳಿದ ಮಾತು ಸಾಕ್ಷ್ಯವಲ್ಲವೆಂದು ಸನ್ಮಾನಿತರೇ ತಳ್ಳಿಹಾಕಿದರು. ಮೊದಲ ತಾರೀಖಿಗೆ ಅಧ್ಯಕ್ಷರು ಗೈರು, ಎರಡನೆಯದಕ್ಕೆ ಶಾಲು ಬರಲಿಲ್ಲ, ಮೂರನೆಯದಕ್ಕೆ ಗ್ರಾಮ ಪಂಚಾಯಿತಿ ಚುನಾವಣೆ. ಕೊನೆಗೆ ಬೇಸತ್ತ ಸಮಿತಿಯವರು ಮನೆಗೇ ಬಂದು ಇಲ್ಲಿಯೇ ಶಾಲು ಹೊದಿಸಿ ಮುಗಿಸಿಬಿಡುತ್ತೇವೆ ಎಂದರು. ನಮ್ಮ ವಕೀಲರು ಬೇಡವೇ ಬೇಡ ಎಂದರು. “ಮುಗಿದ ಮೇಲೆ ನೀವ್ಯಾರೂ ಈ ಕಡೆ ತಲೆ ಹಾಕೋದಿಲ್ಲ. ಬಾಕಿ ಇರ್ಲಿ ಬಿಡಿ, ವಾಯಿದೆಗೊಂದ್ಸಲ ಬಂದು ಕಾಫಿ ಕುಡ್ಕೊಂಡು ಹೋಗಿ.” ಕೇಸು ಇನ್ನೂ ನಡೆಯುತ್ತಿದೆ.